ಬೆಂಕಿ ಆರಿಸಲು ಬೆನ್ನಿಗೆ ಹೊರುವ ಫೋಮ್ (ನೊರೆ) ಕಿಟ್ ಬಳಸಿದವರು ಇದ್ದೀರಾ?

ಡೊಂಬಿವಲಿಯಿಂದ:
ನಮ್ಮದು ಏಳು ಮಹಡಿಯ ಹಳೇ ಸೊಸೈಟಿ. ಓಣಿ ಇಕ್ಕಟ್ಟು, ಫೈರ್ ಎಂಜಿನ್ ಮೂಲೆಯಲ್ಲೇ ನಿಲ್ಲಬೇಕು. ಕೆಳಗೆ ಐವತ್ತು ಬೈಕು. ಗಾಳಿಯ ಒತ್ತಡದಲ್ಲಿ ನೊರೆ ಹಾರಿಸುವ, ಬೆನ್ನಿಗೆ ಹೊರುವ ಕಿಟ್ ತಗೊಳ್ಳಿ ಅಂತ ಒಬ್ಬ ಏಜೆಂಟರು ಹೇಳುತ್ತಿದ್ದಾರೆ. ಬಳಸಿದವರು ದಯವಿಟ್ಟು ಹೇಳಿ.

ಭಿವಂಡಿಯಿಂದ:
ನಮ್ಮ ಗೋದಾಮಿನಲ್ಲಿ ಎರಡಿವೆ ಸಾರ್. ಒಮ್ಮೆ ರಟ್ಟಿನ ಪೆಟ್ಟಿಗೆಗಳಿಗೆ ಬೆಂಕಿ ಹತ್ತಿದಾಗ ನಾನೇ ಹೊತ್ತು ಹೊಡೆದಿದ್ದೇನೆ. ಬರೀ ನೀರಾದರೆ ಅರ್ಧಕ್ಕರ್ಧ ನೆಲಕ್ಕೆ ಹರಿದುಹೋಗುತ್ತದೆ. ಈ ನೊರೆ ಗಡ್ಡಕ್ಕೆ ಹಚ್ಚಿದ ಸೋಪಿನ ಹಾಗೆ ಅಂಟಿ ನಿಲ್ಲುತ್ತದೆ. ಉರಿಯುವುದಕ್ಕೆ ಗಾಳಿ ಸಿಗುವುದಿಲ್ಲ, ಒಳಗಿನ ನೀರು ನಿಧಾನಕ್ಕೆ ಇಳಿದು ತಂಪು ಮಾಡುತ್ತದೆ. ಹಾಗಾಗಿ ಸ್ವಲ್ಪ ನೀರಿನಲ್ಲಿ ಜಾಸ್ತಿ ಕೆಲಸ.

ಬೈಕುಗಳಿದ್ದರೆ ಪೆಟ್ರೋಲ್‌ಗೆಂದೇ ಇರುವ ಫೋಮ್ ದ್ರಾವಣ ಕೇಳಿ. ಕ್ಯಾನ್ ಮೇಲೆ ಶೇ. 3 ಎಂದಿದ್ದರೆ 10 ಲೀಟರ್ ಮಿಶ್ರಣಕ್ಕೆ 300 ಮಿಲಿ, ಶೇ. 6 ಆದರೆ 600. ಅಂದಾಜಿಗೆ ಸುರಿಯಬೇಡಿ. ಚೆಲ್ಲಿದ ಪೆಟ್ರೋಲ್‌ಗೆ ನೇರ ಹೊಡೆದರೆ ಅದು ಚಿಮ್ಮುತ್ತದೆ. ಹಿಂದಿನ ಗೋಡೆಗೆ ಹೊಡೆದು ನೊರೆ ತಾನೇ ಇಳಿದು ಹರಡಲು ಬಿಡಿ.

ಇನ್ನು ಕಷ್ಟದ ಮಾತು. 10 ಲೀಟರ್ ನೀರೇ 10 ಕಿಲೋ. ಮೇಲೆ ಟ್ಯಾಂಕು, ಗಾಳಿ ಸಿಲಿಂಡರ್. ಅದನ್ನು ಹೊತ್ತು ಮೆಟ್ಟಿಲು ಹತ್ತುವವರು ಬೇಕಲ್ವಾ? ನಮ್ಮದು ಒಂದು ನಿಮಿಷದೊಳಗೆ ಖಾಲಿಯಾಯಿತು. ಸಿಲಿಂಡರ್ 300 ಬಾರ್ ಒತ್ತಡದ್ದು, ಪಂಕ್ಚರ್ ಅಂಗಡಿಯಲ್ಲಿ ತುಂಬಿಸುವಂಥದ್ದಲ್ಲ. ಎಲ್ಲಿ ತುಂಬಿಸಿ ಕೊಡುತ್ತೀರಿ, ಎಷ್ಟು ದಿನಕ್ಕೆ ಎಂದು ಮೊದಲೇ ಬರೆಸಿಕೊಳ್ಳಿ. ಒಂದು ಡ್ರಿಲ್ ದಿನ ನಮ್ಮ ಸಿಲಿಂಡರ್‌ನ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಇಳಿದಿತ್ತು. ಸೀಲ್ ಸೋರಿದ್ದು ಯಾರೂ ನೋಡಿರಲಿಲ್ಲ. ಈಗ ಪ್ರತಿ ಸೋಮವಾರ ನಾನೇ ನೋಡುತ್ತೇನೆ.

ಮಾಟುಂಗದಿಂದ:
ಹೋಟೆಲಿನವನು ಹೇಳುತ್ತಿದ್ದೇನೆ ಮಾರಾಯ್ರೆ, ಕಾದ ಎಣ್ಣೆ ಬಾಣಲೆಗೆ ಮಾತ್ರ ಇದನ್ನು ಹೊಡೆಯಬೇಡಿ. ನೊರೆಯ ನೀರು ಕುದಿದು ಎಣ್ಣೆ ಉಕ್ಕಿ ಬರುತ್ತದೆ. ಗ್ಯಾಸ್ ಬಂದ್ ಮಾಡಿ ಮುಚ್ಚಳ ಹಾಕಿ. ಅಡುಗೆಮನೆಯ ಎಣ್ಣೆ ಬೆಂಕಿಗೆ ವೆಟ್ ಕೆಮಿಕಲ್ ಎಂಬ ದ್ರಾವಣ ತುಂಬಿದ ಸಿಲಿಂಡರ್ ಬೇರೆಯೇ ಇದೆ. ಮೀಟರ್ ರೂಮಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಡಿ.

ಮೀರಾ ರೋಡ್‌ನಿಂದ:
ಪಾರ್ಕಿಂಗ್‌ನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುತ್ತಾರಾ? ಬ್ಯಾಟರಿ ಒಳಗಿನ ಬೆಂಕಿಗೆ ನೊರೆ ತಲುಪುವುದಿಲ್ಲ. ಅದಕ್ಕೆ ತುಂಬಾ ನೀರು, ತುಂಬಾ ಹೊತ್ತು ಬೇಕು. ಜನರನ್ನು ದೂರ ಕಳಿಸಿ 101ಕ್ಕೆ ಫೋನ್ ಮಾಡಿ. ನಾನು ಸೊಸೈಟಿ ಸೆಕ್ರೆಟರಿ ಆಗಿದ್ದಾಗ ಹೊಸ ಸಾಮಾನಿನ ಕೊಟೇಶನ್ ತರಿಸುತ್ತಿದ್ದೆವು, ಇದ್ದ ಫೈರ್ ಪಂಪ್ ಮಾತ್ರ ಸ್ಟಾರ್ಟ್ ಆಗುತ್ತಿರಲಿಲ್ಲ. ಜನವರಿ, ಜುಲೈನಲ್ಲಿ ಲೈಸೆನ್ಸ್ ಏಜೆನ್ಸಿಯವರು ಫಾರ್ಮ್ ಬಿ, ಅಂದರೆ ಬೆಂಕಿ ಆರಿಸುವ ವ್ಯವಸ್ಥೆ ಸರಿಯಾಗಿದೆ ಎಂಬ ಸರ್ಟಿಫಿಕೇಟ್, ಕೊಡಬೇಕು. ಸುಮ್ನೆ ಸಹಿ ಹಾಕಿಸಿಕೊಳ್ಳಬೇಡಿ, ಎದುರಿಗೆ ನೀರು ಬಿಡಿಸಿ ನೋಡಿ.

ಡೊಂಬಿವಲಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ನೋಡಿದೆ, ಮೂರನೇ ಮಹಡಿಯ ಹೋಸ್ ರೀಲ್ (ಬೆಂಕಿಗೆ ನೀರು ಹಾಯಿಸುವ, ಸುತ್ತಿಟ್ಟ ಪೈಪು) ವಾಲ್ವ್ ತಿರುಗಲೇ ಇಲ್ಲ. ಪ್ಲಂಬರ್ ನಾಳೆ ಬರುತ್ತಾರೆ. ಏಜೆಂಟರಿಗೆ ಭಾನುವಾರ ಡೆಮೊಗೆ ಬನ್ನಿ ಅಂದಿದ್ದೇನೆ. ಕಿಟ್ ಹೊತ್ತು ಮೆಟ್ಟಿಲು ಹತ್ತುವುದು ಅವರ ಹುಡುಗ ಅಲ್ಲ, ನಮ್ಮ ರಾತ್ರಿ ವಾಚ್‌ಮನ್.