ಕರುಬು, ಅಸೂಯೆ, ಹೊಟ್ಟೆಕಿಚ್ಚು: ಕಥೆ ಹೇಳೋನು ತನ್ನ ಬಗ್ಗೆನೇ ಹೇಳ್ಕೊಳ್ಳೋಕೆ ಯಾವ್ದು?

ಎಲ್ಲರಿಗೂ ನಮಸ್ಕಾರ. ಜಾನ್ ನೋಲ್ಸ್ ಅವರ 'ಎ ಸೆಪರೇಟ್ ಪೀಸ್' (1959) ಅನ್ನೋ ಕಾದಂಬರಿ ಬಗ್ಗೆ ಒಂದು ಲೇಖನ ಬರೀತಾ ಇದೀನಿ, ಒಂದು ಪದದ ಹತ್ರ ಬಂದು ನಿಂತುಬಿಟ್ಟಿದೆ. ಓದದೇ ಇರೋರಿಗೆ ಹೇಳ್ತೀನಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಒಂದು ಬೋರ್ಡಿಂಗ್ ಸ್ಕೂಲು, 1942ರ ಬೇಸಿಗೆ, ಕಥೆ ಹೇಳೋನು ಜೀನ್, ಅವನ ರೂಮ್‌ಮೇಟೂ ಜೀವದ ಗೆಳೆಯನೂ ಫಿನಿ. ಆಟದಲ್ಲಿ ಮಾತಲ್ಲಿ ಫಿನಿನೇ ಮುಂದೆ, ಓದಿನಲ್ಲಿ ಮಾತ್ರ ಜೀನ್.

ಒಂದು ಕಡೆ ಮೇಷ್ಟ್ರ ಮನೇಲಿ ಟೀ ಪಾರ್ಟಿ, ಫಿನಿ ಸ್ಕೂಲ್ ಟೈನೇ ಸೊಂಟಕ್ಕೆ ಬೆಲ್ಟ್ ಥರ ಬಿಗಿದುಕೊಂಡು ಬಂದಿರ್ತಾನೆ. ಸಿಕ್ಕಿಬೀಳ್ತಾನೆ, ಆದ್ರೆ ಯುದ್ಧ ಗಿದ್ಧ ಅಂತ ಏನೇನೋ ಮಾತಾಡಿ ಎಲ್ರನ್ನೂ ನಗಿಸಿ ತಪ್ಪಿಸ್ಕೊಂಡುಬಿಡ್ತಾನೆ. ಪಕ್ಕದಲ್ಲೇ ಇದ್ದ ಜೀನ್‌ಗೆ ಆಗೋದು ಖುಷಿ ಅಲ್ಲ, ನಿರಾಸೆ, ಇವನಿಗೆ ಉಗಿತ ಬೀಳ್ಲಿಲ್ವಲ್ಲ ಅಂತ. ಆಮೇಲೆ ಫಿನಿ ಬೀಚಿಗೆ ಎಳ್ಕೊಂಡು ಹೋಗ್ತಾನೆ, ಜೀನ್ ಟ್ರಿಗ್ನಾಮೆಟ್ರಿ ಟೆಸ್ಟಲ್ಲಿ ಫೇಲ್ ಆಗ್ತಾನೆ, ಅಷ್ಟೇ ಸಾಕು, ನನ್ನ ಓದು ಹಾಳು ಮಾಡೋಕೇ ಇವನ ಸ್ನೇಹ ಅಂತ ತೀರ್ಮಾನ ಮಾಡ್ಕೊಂಡುಬಿಡ್ತಾನೆ. ಫಿನಿ ಮನಸಲ್ಲಿ ಅಂಥದ್ದೇನೂ ಇಲ್ಲ.

ಸಂಸ್ಕೃತದ ಹಳೇ ನಿಘಂಟು ಅಮರಕೋಶದಲ್ಲಿ ಈರ್ಷ್ಯೆಗೂ ಅಸೂಯೆಗೂ ಬೇರೆ ಬೇರೆ ಅರ್ಥ ಇದೆ. 'ಅಕ್ಷಾಂತಿರೀರ್ಷ್ಯಾಸೂಯಾ ತು ದೋಷಾರೋಪೋ ಗುಣೇಷ್ವಪಿ'. ಈರ್ಷ್ಯೆ ಅಂದ್ರೆ ಸಹಿಸೋಕಾಗದೇ ಇರೋದು, ಅಸೂಯೆ ಅಂದ್ರೆ ಇರೋ ಗುಣದ ಮೇಲೇ ದೋಷ ಹೊರಿಸೋದು. ಈ ಅಸೂಯೆ ಬರೀ ಭಾವನೆ ಅಲ್ಲ, ಪಾತ್ರ ಕಟ್ಟೋ ಒಂದು ವಿಧಾನನೇ ಅನ್ಸುತ್ತೆ ನಂಗೆ, ಯಾಕಂದ್ರೆ ಹೊರಿಸ್ಬೇಕಾದ್ರೆ ಮೊದ್ಲು ಗುಣನ ಕಣ್ಣಲ್ಲಿ ಕಣ್ಣಿಟ್ಟು ನೋಡಿರ್ಬೇಕಲ್ಲ. ಫಿನಿ ನಡೆಯೋ ರೀತಿ, ಅವನ ಪಿಂಕ್ ಶರ್ಟು, ಈಜುಕೊಳದಲ್ಲಿ ಸ್ಕೂಲ್ ರೆಕಾರ್ಡ್ ಮುರಿದೂ ಯಾರಿಗೂ ಹೇಳ್ಬೇಡ ಅಂದಿದ್ದು, ಇಷ್ಟೆಲ್ಲ ಬರೀ ಮೆಚ್ಚಿಕೊಂಡೋನ ನೆನಪಲ್ಲಿ ಉಳಿಯಲ್ಲ. ನಾವು ಓದೋರು ಆ ದೋಷದ ಪದರ ಕಿತ್ತು ಗುಣ ಮಾತ್ರ ಇಟ್ಕೊತೀವಿ, ಜೀನ್ ಬಗ್ಗೆ ತಿಳಿಯೋದು ಆ ಕಿತ್ತ ಪದರದಿಂದ. (ಫಿನಿ ಅಷ್ಟೊಂದು ದೇವರಂಥೋನಾಗಿ ಕಾಣೋದೂ ಇದ್ರಿಂದಾನೇ ಇರ್ಬೋದು, ನಂಗದು ಸ್ವಲ್ಪ ಅತಿ ಅನ್ಸಿತ್ತು.)

ಈಗ ತೊಡಕು. ಲೇಖನದ ನಡುವೆ ಜೀನ್ ಬಾಯಿಂದ ಒಂದೆರಡು ವಾಕ್ಯ ಹೇಳಿಸ್ಬೇಕು. 'ನಂಗೆ ಅಸೂಯೆ' ಅಂದ್ರೆ ಪುಸ್ತಕದ ಮಾತಾಗುತ್ತೆ. 'ನಿನ್ ಫೋಟೋ ನೋಡಿ ಹೊಟ್ಟೆ ಉರೀತಿದೆ ಮಾರಾಯ' ಅಂತ ನಾವು ಎದುರಿಗೇ ತಮಾಷೆಗೆ ಹೇಳ್ತೀವಿ, ಅದು ಹೊಗಳಿಕೆನೇ, ವಿಷ ಇಲ್ಲ. ಜೆಲಸ್ಸೂ ಹಂಗೇ ಆಗೋಗಿದೆ. ಮಾತ್ಸರ್ಯ ಅಂದ ಕೂಡ್ಲೇ ಅರಿಷಡ್ವರ್ಗದ ಪ್ರವಚನ. ಉಳಿದಿದ್ದು ಕರುಬು, ನಂಗೆ ತುಂಬ ಇಷ್ಟದ ಪದ, ಆದ್ರೆ 'ಅವ್ನು ಕರುಬ್ತಾನೆ' ಅಂತ ಕೇಳಿದೀನೇ ಹೊರತು 'ನಾನು ಕರುಬ್ತೀನಿ' ಅಂತ ಯಾರ ಬಾಯಲ್ಲೂ ಕೇಳಿಲ್ಲ.

ನಿಮ್ಮ ಕಡೆ ಕರುಬು ಮಾತಲ್ಲಿ ಇದ್ಯಾ, ಇದ್ರೆ ತನ್ನ ಬಗ್ಗೆನೇ ಹೇಳ್ಕೊಳ್ಳೋಕೆ ಬಳಸ್ತಾರಾ? ಧಾರವಾಡ, ಮಂಗಳೂರು ಕಡೆಯವ್ರು ಹೇಳಿದ್ರೆ ಉಪಕಾರ ಆಗುತ್ತೆ. ನಿಘಂಟಿನ ಅರ್ಥ ಬೇಡ, ಮನೇಲಿ ಆಡೋ ವಾಕ್ಯ ಒಂದು ಕೊಡಿ.