ಅಪಘಾತದ ಸುದ್ದಿ ಓದಿ ಹಾರಲು ಹೋದರೆ ಕೈ ಬಿಗಿಯುತ್ತದೆ, ಓದುವುದನ್ನೇ ಬಿಡಬೇಕಾ?

ಹೊಸರೆಕ್ಕೆ:

ಎಲ್ಲರಿಗೂ ನಮಸ್ಕಾರ. ಪ್ರೈವೇಟ್ ಪೈಲಟ್ ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಾಯಿತು, ಲಾಗ್‌ಬುಕ್‌ನಲ್ಲಿ ಈಗ 92 ಗಂಟೆ. ಹಾರುವುದು ಸೆಸ್ನಾ 172, ಒಂದೇ ಎಂಜಿನ್ನಿನ ಸಣ್ಣ ವಿಮಾನ. ತಿಂಗಳಿಗೆ ಎರಡು ಸಲ ಹಾರಲು ಸಿಕ್ಕರೆ ಹೆಚ್ಚು, ಉಳಿದ ದಿನ ವಿಮಾನದ ಸುದ್ದಿ ಓದಿಯೇ ಆಸೆ ತೀರಿಸಿಕೊಳ್ಳುತ್ತೇನೆ. ಹೊಸ ವಿಮಾನದ ಮೊದಲ ಹಾರಾಟ, ಯಾವುದೋ ಎಂಜಿನ್‌ನ ತೊಂದರೆ, ಹೊಸ ನಿಯಮ, ಯಾವುದನ್ನೂ ಬಿಡುವುದಿಲ್ಲ.

ತೊಂದರೆ ಅಪಘಾತದ ಸುದ್ದಿಯದ್ದು. ಮೊದಲು ಅದನ್ನು ಪ್ರಯಾಣಿಕನ ಹಾಗೆ ಓದುತ್ತಿದ್ದೆ. ಈಗ ಓದುವಾಗ ಎಡಗಡೆ ಪೈಲಟ್ ಸೀಟಿನಲ್ಲಿ ನಾನೇ ಕೂತಿರುತ್ತೇನೆ. ಹೋದ ವಾರ ಒಂದು ಸಣ್ಣ ವಿಮಾನ ಟೇಕಾಫ್ ಆದ ಕೂಡಲೇ ಎಂಜಿನ್ ನಿಂತು ಬಿದ್ದ ವಿಡಿಯೋ ಬಂತು, ಆರೇಳು ಸಲ ನೋಡಿದೆ. ಎರಡು ದಿನ ಬಿಟ್ಟು ಹಾರಲು ಹೋದರೆ ಕಿವಿಯೆಲ್ಲ ಎಂಜಿನ್ ಸದ್ದಿನ ಮೇಲೇ. ಯೋಕ್ (ವಿಮಾನ ನಡೆಸುವ ಹಿಡಿ) ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂದರೆ ಬೆರಳ ಗೆಣ್ಣು ಬೆಳ್ಳಗಾಗಿತ್ತು. ಸಾವಿರ ಅಡಿ ಏರುವವರೆಗೂ ಟ್ರಿಮ್ ಮಾಡಬೇಕು, ಅಂದರೆ ಚಕ್ರ ತಿರುಗಿಸಿ ಯೋಕ್ ಮೇಲಿನ ಒತ್ತಡ ಇಳಿಸಬೇಕು ಅನ್ನುವುದೇ ನೆನಪಾಗಲಿಲ್ಲ.

ಮನೆಯಲ್ಲಿ ಓದಬೇಡ ಅನ್ನುತ್ತಾರೆ. ಓದದಿದ್ದರೆ ಕಣ್ಣು ಮುಚ್ಚಿಕೊಂಡು ಹಾರಿದ ಹಾಗೆ ಅನಿಸುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಕ್ರಾಸ್‌ವಿಂಡ್:

ಓದಿ. ಆದರೆ ಮೊದಲ ದಿನ ಓದಬೇಡಿ. ಮೊದಲ ದಿನ ಯಾರಿಗೂ ಏನೂ ಗೊತ್ತಿರುವುದಿಲ್ಲ, ವಿಡಿಯೋ ಮಾತ್ರ ಇರುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ರಾಥಮಿಕ ವರದಿಗೆ 30 ದಿನ ಇದೆ, ಅಂತಿಮ ವರದಿಗೆ ವರ್ಷವೋ ಎರಡು ವರ್ಷವೋ ಹಿಡಿಯುತ್ತದೆ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ತನಿಖೆ ಇರುವುದು ಮುಂದಿನ ಅಪಘಾತ ತಪ್ಪಿಸುವುದಕ್ಕೆ, ತಪ್ಪು ಯಾರ ಮೇಲೆ ಹೊರಿಸಬೇಕು ಅನ್ನುವುದಕ್ಕಲ್ಲ. ನಮಗೆ ಬೇಕಾದದ್ದು ಅದೇ ಅಲ್ವಾ?

ಏರ್ ಫ್ರಾನ್ಸ್ 447 ಪ್ರಯಾಣಿಕ ವಿಮಾನದ ಅಪಘಾತ ನೋಡಿ. 2009ರ ಜೂನ್ 1, ಅಟ್ಲಾಂಟಿಕ್ ಮೇಲೆ, 228 ಜನ ಹೋದರು. ಮೊದಲ ವಾರ ಎಲ್ಲರ ಬಾಯಲ್ಲೂ ಸಿಡಿಲು, ಬಿರುಗಾಳಿ. ಸಮುದ್ರದ ತಳದಿಂದ ರೆಕಾರ್ಡರ್ (ಬ್ಲ್ಯಾಕ್ ಬಾಕ್ಸ್) ಮೇಲೆ ಬಂದದ್ದು 2011ರಲ್ಲಿ. ಆಗ ಗೊತ್ತಾಯಿತು, ವೇಗ ಅಳೆಯುವ ಪಿಟೋ ಟ್ಯೂಬ್‌ಗಳಲ್ಲಿ ಮಂಜುಗಡ್ಡೆ ಕಟ್ಟಿ ವೇಗದ ಅಂಕಿ ತಪ್ಪಾಯಿತು, ಆಟೋಪೈಲಟ್ ಬಿಟ್ಟುಕೊಂಡಿತು, ಪೈಲಟ್ ಮೂಗು ಮೇಲೆತ್ತಿದ, ವಿಮಾನ ಸ್ಟಾಲ್ ಆಯಿತು, ಅಂದರೆ ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲು ಆಗಲಿಲ್ಲ. ಅಂಕಿ ಸುಮಾರು ಒಂದು ನಿಮಿಷದಲ್ಲಿ ಸರಿಹೋಗಿತ್ತು. ಸ್ಟಾಲ್ ಮಾತ್ರ ನೀರು ಮುಟ್ಟುವವರೆಗೂ ಬಿಡಲಿಲ್ಲ.

ಅದನ್ನು ಓದಿ ನಾನು ಇನ್‌ಸ್ಟ್ರಕ್ಟರ್ ಜೊತೆ ಹೋಗಿ, ಸ್ಪೀಡ್ ಇಂಡಿಕೇಟರ್ ಮೇಲೆ ಒಂದು ಚೀಟಿ ಅಂಟಿಸಿ, ಐದು ಲ್ಯಾಂಡಿಂಗ್ ಮಾಡಿದೆ. ಮೂಗು ಎಲ್ಲಿದೆ, ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ (ಆರ್‌ಪಿಎಂ), ಗಾಳಿಯ ಸದ್ದು ಹೇಗಿದೆ, ಇಷ್ಟು ಗೊತ್ತಿದ್ದರೆ ವೇಗ ಸುಮಾರಾಗಿ ಗೊತ್ತಾಗುತ್ತದೆ. ಮೊದಲನೆಯದು ಸ್ವಲ್ಪ ಜೋರಾಗಿ ಕೂತಿತು, ಐದನೆಯದು ಚೆನ್ನಾಗಿತ್ತು. ಆವತ್ತಿಂದ ಆ ಭಯ ಇಲ್ಲ.

ಹಳೇ ಲಾಗ್‌ಬುಕ್:

ಮೇಲಿನವರ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ಒಂದು ಸಲ 172ರಲ್ಲಿ ಒಬ್ಬನೇ ಹೊರಟಿದ್ದೆ. ಚಕ್ರ ನೆಲ ಬಿಟ್ಟಿತು, ಧಡ್ ಅಂತ ಎಡಗಡೆ ಬಾಗಿಲು ತೆರೆದುಕೊಂಡಿತು. ಪೂರ್ತಿ ತೆರೆಯುವುದಿಲ್ಲ, ಗಾಳಿ ಒತ್ತಿ ಹಿಡಿದಿರುತ್ತದೆ, ಒಂದು ಅಂಗೈ ಅಗಲದಷ್ಟು ಸಂದಿ. ಆದರೆ ಆ ಸದ್ದು! ಮೊಣಕಾಲ ಮೇಲಿದ್ದ ಮ್ಯಾಪ್ ಪಟಪಟ ಬಡಿಯುತ್ತಿದೆ, ರೇಡಿಯೋ ಕೇಳಿಸುತ್ತಿಲ್ಲ. ಕೈ ತಾನಾಗಿಯೇ ಬಾಗಿಲ ಹಿಡಿಗೆ ಹೋಯಿತು.

ಆಗ ನೆನಪಾದದ್ದು ಈಸ್ಟರ್ನ್ 401 ಪ್ರಯಾಣಿಕ ವಿಮಾನದ ಅಪಘಾತ. 1972ರ ಡಿಸೆಂಬರ್ 29ರ ರಾತ್ರಿ, ಮಯಾಮಿ ಹತ್ತಿರ. ಮುಂದಿನ ಚಕ್ರದ ಸೂಚನೆ ಕೊಡುವ ಒಂದು ಬಲ್ಬ್ ಹತ್ತಲಿಲ್ಲ. ಎಲ್ಲರೂ ಆ ಬಲ್ಬ್ ಹಿಂದೆ ಬಿದ್ದರು, ಆಟೋಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟದ್ದು ಯಾರಿಗೂ ಕಾಣಲಿಲ್ಲ, ವಿಮಾನ ನಿಧಾನಕ್ಕೆ ಇಳಿದು ಜೌಗಿಗೆ ಬಿತ್ತು. ಬಾಗಿಲು ನನ್ನ ಬಲ್ಬ್ ಅಂತ ಹೊಳೆಯಿತು. ಕೈ ವಾಪಸ್ ತೆಗೆದೆ. ಮೂಗು, ವೇಗ, ಎತ್ತರ ನೋಡಿಕೊಂಡು ಸರ್ಕ್ಯೂಟ್ (ರನ್‌ವೇ ಸುತ್ತಲಿನ ದಾರಿ) ಸುತ್ತಿ ಇಳಿಸಿದೆ, ನಿಂತ ಮೇಲೆ ಬಾಗಿಲು ಹಾಕಿದೆ. ಬಾಗಿಲು ತೆರೆದಿದ್ದರೂ 172 ಆರಾಮಾಗಿ ಹಾರುತ್ತದೆ, ಬಾಗಿಲು ಎಳೆಯಲು ಹೋಗಿ ಗಮನ ತಪ್ಪುವುದೇ ಅಪಾಯ.

ನೆಲದಾಸೆ:

ನನ್ನದು ಸ್ವಲ್ಪ ಬೇರೆ. ಹಾರುವ ಹಿಂದಿನ ದಿನ ನಾನು ಅಪಘಾತದ ಯಾವ ಸುದ್ದಿಯನ್ನೂ ಮುಟ್ಟುವುದಿಲ್ಲ, ಹವಾಮಾನ ಮತ್ತು ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಮಾತ್ರ. ಇನ್ನೊಂದು, ದೊಡ್ಡ ಜೆಟ್‌ಗಳ ಸುದ್ದಿಯೇ ನಮ್ಮ ಕಣ್ಣಿಗೆ ಬೀಳುತ್ತದೆ, ನಮ್ಮಂಥವರನ್ನು ಕೊಲ್ಲುವುದು ಮೋಡದೊಳಗೆ ನುಗ್ಗುವುದು, ಇಂಧನ ಖಾಲಿಯಾಗುವುದು, ನೆಲದ ಹತ್ತಿರ ಸ್ಟಾಲ್ ಆಗುವುದು. ಇವು ದೊಡ್ಡ ಸುದ್ದಿ ಆಗುವುದಿಲ್ಲ.

‘178 ಸೆಕೆಂಡ್’ ಅನ್ನುವುದನ್ನು ಕೇಳಿರುತ್ತೀರಿ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣ ನೋಡಿ ಹಾರಿ ಅಭ್ಯಾಸವಿಲ್ಲದ 20 ಜನರಿಂದ, ಮೋಡದೊಳಗಿದ್ದಂತೆ ಹೊರಗಡೆ ಕಾಣದ ಹಾಗೆ ಮಾಡಿ, ವಿಮಾನ ಹಾರಿಸಿದರು. ಎಲ್ಲರೂ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಎಲ್ಲರೂ ಇಷ್ಟನ್ನೇ ಹೇಳಿ ಹೆದರಿಸುತ್ತಾರೆ. ಆ ಪ್ರಯೋಗ ಮಾಡಿದ್ದೇ ತಿರುಗಿ ವಾಪಸ್ ಬರುವುದನ್ನು ಕಲಿಸಬಹುದಾ ಅಂತ ನೋಡಲು, ಕಲಿಸಿದ ಮೇಲೆ ಅವರೇ ತಿರುಗಿಸಿಕೊಂಡು ಬಂದರು. ಅರ್ಧ ಓದಿದರೆ ಭಯ ಮಾತ್ರ ಉಳಿಯುತ್ತದೆ.

ಹೊಸರೆಕ್ಕೆ:

ತುಂಬಾ ಉಪಕಾರ ಆಯಿತು. ಆದರೂ ಆ ಟೇಕಾಫ್ ವಿಡಿಯೋ ತಲೆಯಿಂದ ಹೋಗುತ್ತಿಲ್ಲ. ನಾನಾಗಿದ್ದರೆ ರನ್‌ವೇಗೆ ತಿರುಗಿಸುತ್ತಿದ್ದೆನಾ ಅಂತಲೇ ಯೋಚನೆ.

ಹಳೇ ಲಾಗ್‌ಬುಕ್:

ಯೋಚಿಸಬೇಡಿ, ಅಳೆದು ನೋಡಿ. ಇನ್‌ಸ್ಟ್ರಕ್ಟರ್ ಜೊತೆ 4,000 ಅಡಿಗೆ ಹೋಗಿ, ಏರುತ್ತಿರುವಾಗಲೇ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದು ಎಂಜಿನ್ ಶಕ್ತಿ ಇಳಿಸಿ. ನಾಲ್ಕು ಸೆಕೆಂಡ್ ಸುಮ್ನೆ ಎಣಿಸಿ, ನಿಜವಾಗಿ ಆದಾಗ ಗಾಬರಿಯಲ್ಲೇ ಅಷ್ಟು ಹೊತ್ತು ಹೋಗುತ್ತದೆ. ಮೂಗು ಇಳಿಸಿ, ಆಮೇಲೆ ತಿರುಗಿಸಿ. 180 ಡಿಗ್ರಿ ಸಾಲದು, ತಿರುಗುವಷ್ಟರಲ್ಲಿ ನೀವು ರನ್‌ವೇ ಪಕ್ಕಕ್ಕೆ ಸರಿದಿರುತ್ತೀರಿ, ಇನ್ನೂ ಸ್ವಲ್ಪ ಬೇಕು. ಎಷ್ಟು ಅಡಿ ಇಳಿಯಿತು ಅಂತ ಬರೆದಿಟ್ಟುಕೊಳ್ಳಿ.

ಹೊಸರೆಕ್ಕೆ:

ಇವತ್ತು ಹೋಗಿ ಬಂದೆ. ಮೂರು ಸಲ ಮಾಡಿದೆವು. ಮೊದಲ ಸಲ ಸುಮಾರು 800 ಅಡಿ ಹೋಯಿತು, ಕೊನೆಯ ಸಲ 600. ಅಂದರೆ 300 ಅಡಿಯಲ್ಲಿ ಎಂಜಿನ್ ನಿಂತರೆ ತಿರುಗುವ ಮಾತೇ ಇಲ್ಲ, ಮೂಗು ಇಳಿಸಿ ನೇರ ಮುಂದೆ ಕಾಣುವ ಬಯಲಿಗೆ. ಕೊನೆಯ ಟೇಕಾಫ್‌ಗೆ ಮೊದಲು ಇದನ್ನೇ ಜೋರಾಗಿ ಹೇಳಿಕೊಂಡೆ. 500 ಅಡಿ ದಾಟುವಾಗ ಕೈ ಟ್ರಿಮ್ ವೀಲ್ ಮೇಲಿತ್ತು.

ಕ್ರಾಸ್‌ವಿಂಡ್ ಅವರೇ, 447ರ ವರದಿ ಅರ್ಧ ಓದಿದ್ದೇನೆ. ಮುಗಿಸಿ, ಚೀಟಿ ಅಂಟಿಸಿಕೊಂಡು ಇಳಿಸುವುದಕ್ಕೂ ಹೋಗುತ್ತೇನೆ.