ಅಪ್‌ಡೇಟ್: ಬಿಎಲ್1 (ಮೊದಲ ಬೂಟ್‌ಲೋಡರ್) ಹಂತದಲ್ಲೇ ಬೂಟ್ ನಿಲ್ಲುತ್ತಿದ್ದ ಸಮಸ್ಯೆ ಬಗೆಹರಿದಿದೆ

ಕ್ಯೂಎಮು ಎಂಬ ಎಮ್ಯುಲೇಟರಿನ ಆರ್ಮ್ ವರ್ಚುವಲ್ ಬೋರ್ಡಿಗಾಗಿ ಟ್ರಸ್ಟೆಡ್ ಫರ್ಮ್‌ವೇರ್-ಎ (ಆರ್ಮ್ ಪ್ರೊಸೆಸರುಗಳ ಬೂಟ್ ಫರ್ಮ್‌ವೇರ್) ಅನ್ನು ಮತ್ತೆ ಬಿಲ್ಡ್ ಮಾಡಿದ ಮೇಲೆ, ಮುಂದಿನ ಹಂತವಾದ ಬಿಎಲ್2ರ ಪ್ರಮಾಣಪತ್ರವನ್ನು ಬಿಎಲ್1 ಏಕೆ ತಿರಸ್ಕರಿಸುತ್ತಿದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು; ತಪ್ಪು ನನ್ನದೇ. ನಾವು ಕೀ ಕೊಡದಿದ್ದರೆ ಇಲ್ಲಿ ಪ್ರಮಾಣಪತ್ರಗಳ ಸಹಿಗೆ ಆಧಾರವಾದ ಮೂಲ ಕೀಯು ಬಿಲ್ಡ್ ಫೋಲ್ಡರಿನೊಳಗೇ ತಯಾರಾಗುತ್ತದೆ. ನಾನು ‘ಮೇಕ್ ಕ್ಲೀನ್’ ಕೊಟ್ಟಾಗ ಅದೂ ಅಳಿಸಿಹೋಗಿ, ಮುಂದಿನ ಬಿಲ್ಡಿನಲ್ಲಿ ಬೇರೆಯೇ ಕೀ ಹುಟ್ಟಿಕೊಂಡಿತ್ತು. ಆದರೆ ಫ್ಲ್ಯಾಶ್ ಇಮೇಜಿನಲ್ಲಿ 256 ಕೆಬಿಯಿಂದ ಆರಂಭವಾಗುವ ಫಿಪ್ ಭಾಗವನ್ನಷ್ಟೇ (ಬಿಎಲ್2, ಮುಂದಿನ ಹಂತಗಳು ಮತ್ತು ಅವುಗಳ ಪ್ರಮಾಣಪತ್ರಗಳಿರುವ ಪ್ಯಾಕೇಜ್) ಬದಲಿಸಿ, ಹಳೆಯ ಕೀಯ ಹ್ಯಾಶ್ (ಬೆರಳಚ್ಚಿನಂಥ ಗುರುತು) ಹೊತ್ತ ಬಿಎಲ್1 ಅನ್ನು ಹಾಗೆಯೇ ಉಳಿಸಿದ್ದೆ. (ಸಹಿ ಹೊಂದದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಮಾಡಬೇಕಾದದ್ದನ್ನೇ ಮಾಡುತ್ತಿತ್ತು, ನಾನು ಅದನ್ನೇ ದೋಷವೆಂದು ಎರಡು ದಿನ ಹುಡುಕಿದೆ.) ಈಗ ಕೀಯನ್ನು ಬಿಲ್ಡ್ ಫೋಲ್ಡರಿನ ಹೊರಗಿಟ್ಟು, ಎರಡೂ ಭಾಗಗಳನ್ನು ಒಟ್ಟಿಗೇ ಬರೆದಿದ್ದೇನೆ, ನಂತರದ ಬಿಎಲ್31 ಹಂತ ದಾಟಿ ಯು-ಬೂಟ್ ಎಂಬ ಬೂಟ್‌ಲೋಡರಿನ ಪ್ರಾಂಪ್ಟ್ ಬರುತ್ತಿದೆ.